ಗೋಡೆ ಮೇಲಿನ ಟಿವಿ: ಕಂಡುಹಿಡಿದೋರು ಯಾರು, ದುಡ್ಡು ಮಾಡಿದೋರು ಯಾರು?

ಭಾಗ 1/9: ಅಂಗಡೀಲಿ ಬಂದ ಪ್ರಶ್ನೆ

ಹೋದ ದಸರಾ ಆಫರ್ ಟೈಮಲ್ಲಿ ಹೊಸ ಟಿವಿ ತರೋಕೆ ಅಪ್ಪನ ಜೊತೆ ಹೋಗಿದ್ದೆ. ಅಂಗಡಿ ಹುಡುಗ ಒಂದು ಟಿವಿ ತೋರಿಸಿ, "ಸಾರ್, ಇದು ಹಳೇ ಎಲ್‌ಸಿಡಿ ಅಲ್ಲ, ಎಲ್‌ಇಡಿ" ಅಂದ. ಪಕ್ಕದ್ದಕ್ಕೆ ಕೈ ತೋರಿಸಿ, "ಅದು ಕ್ಯೂಎಲ್‌ಇಡಿ, ಅದು ಬೇರೇನೇ ಟೆಕ್ನಾಲಜಿ, ಅದಕ್ಕೇ ರೇಟು ಜಾಸ್ತಿ" ಅಂದ. ಅಪ್ಪ ನನ್ನ ಕಡೆ ತಿರುಗಿ, "ಏನೋ ವ್ಯತ್ಯಾಸ? ಕಾಲೇಜಿಗೆ ಹೋಗೋನು ನೀನು, ಹೇಳು" ಅಂದ್ರು.

ನನಗೆ ಒಂದಕ್ಷರ ಗೊತ್ತಿರಲಿಲ್ಲ. ಆದ್ರೂ ದೊಡ್ಡ ತಿಳಿದವನ ಥರ "ಹೂಂ, ಎಲ್‌ಸಿಡಿಗಿಂತ ಎಲ್‌ಇಡಿ ಬೇರೆ" ಅಂತ ತಲೆ ಆಡಿಸಿದೆ. ಅಪ್ಪ ನನ್ನ ಮಾತು ನಂಬಿ ಕಾರ್ಡ್ ಕೊಟ್ಟರು.

ಮನೆಗೆ ಬಂದ ಮೇಲೆ ಆ ಮಾತು ಚುಚ್ಚೋಕೆ ಶುರುವಾಯ್ತು. ತಲೆಗೆ ಹುಳ ಬಿಟ್ಕೊಂಡು ಓದ್ತಾ ಹೋದೆ. ಗೊತ್ತಾಗಿದ್ದೇನು ಗೊತ್ತಾ? ಆ ಅಂಗಡೀಲಿ ನಾವು ನೋಡಿದ ಎಲ್‌ಇಡಿಯೂ ಎಲ್‌ಸಿಡಿನೇ, ಕ್ಯೂಎಲ್‌ಇಡಿಯೂ ಎಲ್‌ಸಿಡಿನೇ. ಹೆಸರು ಬೇರೆ, ಒಳಗಿನ ಮುಖ್ಯ ಪದಾರ್ಥ ಒಂದೇ.

ಆ ಪದಾರ್ಥದ ಕಥೆ 1888ರಲ್ಲಿ ಪ್ರಾಗ್ ನಗರದಲ್ಲಿ ಶುರುವಾಗಿ, ಅಮೆರಿಕ, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್, ಜಪಾನ್ ಸುತ್ತಿ, ನಡುವೆ ನಮ್ಮ ಮೈಸೂರು, ಬೆಂಗಳೂರಿಗೂ ಬಂದು ಹೋಗತ್ತೆ. ಬಿಕಾಂನೋರಿಗೆ ಇದ್ರಲ್ಲಿ ಇನ್ನೊಂದು ಪಾಠ ಇದೆ: ಕಂಡುಹಿಡಿದ ಕಂಪನಿಯೇ ಯಾಕೆ ದುಡ್ಡು ಮಾಡಲಿಲ್ಲ? ಒಂಬತ್ತು ಭಾಗಗಳಲ್ಲಿ ಹೇಳ್ತೀನಿ. ನಿಧಾನಕ್ಕೆ ಓದಿ.

ಭಾಗ 2/9: ಎರಡು ಸಲ ಕರಗಿದ ಪದಾರ್ಥ

ಫ್ರೆಡ್ರಿಕ್ ರೈನಿಟ್ಜರ್ ಅಂತ ಒಬ್ಬ ಸಸ್ಯವಿಜ್ಞಾನಿ. ಪ್ರಾಗ್‌ನಲ್ಲಿ ಕೆಲಸ. ಟಿವಿ ಅನ್ನೋ ಪದವೇ ಇಲ್ಲದ ಕಾಲ. ಅವರು ಸಸ್ಯಗಳಲ್ಲಿರುವ ಕೊಲೆಸ್ಟ್ರಾಲ್ ಥರದ ಪದಾರ್ಥಗಳ ಬಗ್ಗೆ ಸಂಶೋಧನೆ ಮಾಡ್ತಿದ್ರು. 1888ರಲ್ಲಿ ಕೊಲೆಸ್ಟೆರಿಲ್ ಬೆಂಜೊಯೇಟ್ ಅನ್ನೋ ಪುಡಿಯನ್ನು ಕಾಯಿಸಿದಾಗ ವಿಚಿತ್ರ ಕಂಡಿತು.

ಮಾಮೂಲಿ ಪದಾರ್ಥ ಹೇಗೆ? ಬೆಣ್ಣೆ ಕಾಯಿಸಿದರೆ ಕರಗತ್ತೆ, ಅಲ್ಲಿಗೆ ಮುಗೀತು. ಇದು ಹಾಗಲ್ಲ. 145.5 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಮಜ್ಜಿಗೆ ಥರ ಮಬ್ಬಾದ ದ್ರವ ಆಯ್ತು. ಇನ್ನೂ ಕಾಯಿಸಿದರೆ 178.5 ಡಿಗ್ರಿಗೆ ಆ ಮಬ್ಬು ಹೋಗಿ ಗಾಜಿನಂತೆ ತಿಳಿಯಾಯಿತು. ಅಂದ್ರೆ ಎರಡು ಕರಗುವ ಬಿಂದು!

ತನ್ನ ಮಾದರಿ ಅಶುದ್ಧವಾಗಿದೆಯೇನೋ ಅನ್ನೋ ಅನುಮಾನ ಬರೋದು ಸಹಜ. ರೈನಿಟ್ಜರ್ ಅದನ್ನು ಜರ್ಮನಿಯ ಭೌತವಿಜ್ಞಾನಿ ಒಟ್ಟೋ ಲೇಮನ್ ಅವರಿಗೆ ಪತ್ರದ ಜೊತೆ ಕಳಿಸಿದರು. ಲೇಮನ್ ಹತ್ತಿರ ಕಾಯಿಸುತ್ತಲೇ ನೋಡಬಹುದಾದ ಸೂಕ್ಷ್ಮದರ್ಶಕ ಇತ್ತು. ಅವರು ನೋಡಿ ಹೇಳಿದ್ದು: ಇದು ನೀರಿನಂತೆ ಹರಿಯುತ್ತದೆ, ಆದರೆ ಬೆಳಕಿನ ಜೊತೆ ಹರಳಿನಂತೆ ವರ್ತಿಸುತ್ತದೆ. ಹೀಗೆ ಬಂದ ಹೆಸರೇ 'ಲಿಕ್ವಿಡ್ ಕ್ರಿಸ್ಟಲ್', ಕನ್ನಡದಲ್ಲಿ ದ್ರವ ಸ್ಫಟಿಕ.

ಒಳಗೆ ಏನಾಗ್ತಿದೆ? ಈ ಅಣುಗಳು ಬೆಂಕಿಕಡ್ಡಿ ಥರ ಉದ್ದುದ್ದ. ಹರಿದಾಡ್ತವೆ, ಆದ್ರೆ ಹೆಚ್ಚುಕಮ್ಮಿ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿರ್ತವೆ. ಜಾತ್ರೇಲಿ ತೇರಿನ ಹಿಂದೆ ಹೋಗೋ ಜನ ಇದ್ದಂಗೆ: ಯಾರೂ ನಿಂತ ಜಾಗದಲ್ಲಿ ಇಲ್ಲ, ಆದರೆ ಎಲ್ಲರ ಮುಖ ಒಂದೇ ಕಡೆ.

ಆಮೇಲೆ? ಸುಮಾರು ಎಪ್ಪತ್ತು ವರ್ಷ ಇದರಿಂದ ಏನು ಉಪಯೋಗ ಅಂತ ಯಾರಿಗೂ ಸರಿಯಾಗಿ ಹೊಳೀಲಿಲ್ಲ. ಕೆಲವೇ ಜನ ಓದೋ ಕುತೂಹಲದ ವಿಷಯ ಆಗಿ ಉಳೀತು.

ಭಾಗ 3/9: ಆರ್‌ಸಿಎ ಕೈಗೆ ಬಂದ ತುತ್ತು

1960ರ ದಶಕದ ಅಮೆರಿಕ. ಅಲ್ಲಿ ಟಿವಿ ಅಂದ್ರೆ ಆರ್‌ಸಿಎ ಕಂಪನಿ. ಕಲರ್ ಟಿವಿಯ ಪಿಕ್ಚರ್ ಟ್ಯೂಬ್ ಬೆಳೆಸಿದವರು ಅವರೇ. ನಮ್ಮ ಅಜ್ಜಿ ಮನೇಲಿದ್ದ ಆ ಬೆನ್ನು ಉಬ್ಬಿದ ಡಬ್ಬಾ ಟಿವಿ ಇದೆಯಲ್ಲ, ಅದರೊಳಗಿನ ದೊಡ್ಡ ಗಾಜಿನ ಬುರುಡೆಯೇ ಪಿಕ್ಚರ್ ಟ್ಯೂಬ್, ಅಂದರೆ ಸಿಆರ್‌ಟಿ.

1962ರಲ್ಲಿ ಆರ್‌ಸಿಎಯ ಪ್ರಿನ್ಸ್‌ಟನ್ ಪ್ರಯೋಗಾಲಯದಲ್ಲಿ ರಿಚರ್ಡ್ ವಿಲಿಯಮ್ಸ್, ತೆಳ್ಳಗಿನ ದ್ರವ ಸ್ಫಟಿಕದ ಪದರಕ್ಕೆ ವಿದ್ಯುತ್ ಕೊಟ್ಟಾಗ ಅದರಲ್ಲಿ ಪಟ್ಟೆ ಪಟ್ಟೆ ವಿನ್ಯಾಸ ಮೂಡುವುದನ್ನು ಗಮನಿಸಿದರು. ಕರೆಂಟ್ ಕೊಟ್ಟರೆ ನೋಟ ಬದಲಾಗತ್ತೆ ಅಂದ್ರೆ ಅದರಿಂದ ಚಿತ್ರ ಬರೆಯಬಹುದು ಅಲ್ವಾ? ಜಾರ್ಜ್ ಹೈಲ್ಮೈಯರ್ ಅನ್ನೋ ಯುವ ಎಂಜಿನಿಯರ್ ಈ ಎಳೆ ಹಿಡಿದರು. ವೋಲ್ಟೇಜ್ ಕೊಟ್ಟರೆ ತಿಳಿಯಾದ ಪದರ ಹಾಲಿನಂತೆ ಬೆಳ್ಳಗಾಗುವ ವಿಧಾನ ಕಂಡುಕೊಂಡರು. ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡೋ ಮಿಶ್ರಣಗಳನ್ನೂ ಅವರ ತಂಡ ಮಾಡಿತು. 1968ರ ಮೇ ತಿಂಗಳಲ್ಲಿ ಪತ್ರಿಕಾಗೋಷ್ಠಿ ಕರೆದು ಆರ್‌ಸಿಎ ಇದನ್ನು ಪ್ರಪಂಚಕ್ಕೆ ತೋರಿಸಿತು. ಗೋಡೆಗೆ ನೇತುಹಾಕೋ ಟಿವಿಯ ಕನಸು ಅವತ್ತಿನದು.

ಆದರೆ ಅಲ್ಲೇ ನಿಂತುಬಿಟ್ಟಿತು. ಯಾಕೆ? ಇಲ್ಲಿ ನಮ್ಮ ಕ್ಲಾಸ್ ನೋಟ್ಸ್ ನೆನಪು ಮಾಡ್ಕೊಳ್ಳಿ. ಕಂಪನಿಗೆ ದುಡ್ಡು ಬರ್ತಿದ್ದುದೇ ಪಿಕ್ಚರ್ ಟ್ಯೂಬಿನಿಂದ. ಆ ಕಾರ್ಖಾನೆಗಳಿಗೆ ಸುರಿದ ಬಂಡವಾಳ ಕಣ್ಣ ಮುಂದೆ ಇತ್ತು. ತನ್ನದೇ ಮಾಲನ್ನು ತಿಂದುಹಾಕೋ ಹೊಸ ಮಾಲಿಗೆ ದುಡ್ಡು ಹಾಕೋಕೆ ಯಾವ ಮ್ಯಾನೇಜ್‌ಮೆಂಟಿಗೆ ಮನಸ್ಸು ಬರತ್ತೆ? ಹೈಲ್ಮೈಯರ್ 1970ರಲ್ಲಿ ಆರ್‌ಸಿಎ ಬಿಟ್ಟು ಸರ್ಕಾರಿ ಕೆಲಸದ ಕಡೆ ಹೋದರು. ಆರ್‌ಸಿಎ ಕೊನೆಗೆ 1986ರಲ್ಲಿ ಜನರಲ್ ಎಲೆಕ್ಟ್ರಿಕ್‌ಗೆ ಮಾರಾಟವಾಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇದೇ ಅದು.

ಭಾಗ 4/9: ಮೊದಲು ಕ್ಯಾಲ್ಕ್ಯುಲೇಟರ್, ಆಮೇಲೆ ಟಿವಿ

ಆರ್‌ಸಿಎ ಸುದ್ದಿ ಜಪಾನಿನ ಶಾರ್ಪ್ ಕಂಪನಿಯ ಕಿವಿಗೂ ಬಿತ್ತು. ಆಗ ಅವರ ತಲೇಲಿ ಇದ್ದುದು ಟಿವಿ ಅಲ್ಲ, ಕ್ಯಾಲ್ಕ್ಯುಲೇಟರ್. ಆಗ ಕ್ಯಾಲ್ಕ್ಯುಲೇಟರ್ ಮಾರುಕಟ್ಟೆಯಲ್ಲಿ ಭಯಂಕರ ಪೈಪೋಟಿ, ದಿನಾ ಬೆಲೆ ಇಳೀತಿತ್ತು. ಅಂಕಿಗಳು ಹೊಳೆಯೋ ಟ್ಯೂಬುಗಳು ಬ್ಯಾಟರಿ ಕುಡಿದುಬಿಡ್ತಿದ್ವು.

ದ್ರವ ಸ್ಫಟಿಕದ ಗುಣ ನೋಡಿ: ಅದು ತಾನೇ ಬೆಳಕು ಕೊಡಲ್ಲ. ಇರೋ ಬೆಳಕನ್ನು ಬಿಡತ್ತೆ ಇಲ್ಲ ತಡೆಯತ್ತೆ. ಹಾಗಾಗಿ ಕರೆಂಟ್ ಖರ್ಚು ತೀರಾ ಕಮ್ಮಿ. ಶಾರ್ಪ್ 1973ರಲ್ಲಿ ಇಎಲ್-805 ಅನ್ನೋ ಎಲ್‌ಸಿಡಿ ಪಾಕೆಟ್ ಕ್ಯಾಲ್ಕ್ಯುಲೇಟರ್ ಬಿಟ್ಟಿತು. ಒಂದೇ ಒಂದು ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 100 ಗಂಟೆ ನಡೀತಿತ್ತು.

ನೀವೀಗ ಅಕೌಂಟೆನ್ಸಿ ಪೇಪರ್ ಬರೆಯೋಕೆ ಕ್ಯಾಲ್ಕ್ಯುಲೇಟರ್ ತಗೊಂಡು ಹೋಗ್ತೀರಲ್ಲ, ಆ ಬೂದು ಪರದೆ ಮೇಲಿನ ಕಪ್ಪು ಅಂಕಿಗಳು ನಿಮ್ಮ ಟಿವಿಯ ದೊಡ್ಡಪ್ಪನ ಮಕ್ಕಳು.

ಶಾರ್ಪ್ ಮಾಡಿದ ಜಾಣತನ ಇಲ್ಲಿದೆ ಅಂತ ನನಗನ್ಸತ್ತೆ. ಆರ್‌ಸಿಎ ನೇರವಾಗಿ ಗೋಡೆ ಟಿವಿಯ ಕನಸು ಕಂಡಿತು, ಅದು ದೂರ ಅಂತ ಗೊತ್ತಾದಾಗ ಕೈ ಚೆಲ್ಲಿತು. ಜಪಾನಿನವರು ಮೊದಲು ಕ್ಯಾಲ್ಕ್ಯುಲೇಟರ್, ಕೈಗಡಿಯಾರ ಅಂತ ಸಣ್ಣ ಸಣ್ಣ ಸಾಮಾನು ಮಾಡಿದರು. ಅದರಿಂದ ದುಡ್ಡು ಬಂತು, ಕೈ ಪಳಗಿತು, ತಪ್ಪು ತಿದ್ದಿಕೊಳ್ಳೋಕೆ ಟೈಮ್ ಸಿಕ್ಕಿತು. ಹದಿನೈದು ವರ್ಷ ಹೀಗೆ ಅಭ್ಯಾಸ ಮಾಡಿದ ಮೇಲೆ ದೊಡ್ಡ ಪರದೆಗೆ ಕೈ ಹಾಕಿದರು. ಹನಿ ಹನಿ ಕೂಡಿದರೆ ಹಳ್ಳ.

ಭಾಗ 5/9: ತಿರುಚಿದ ಅಣು, ತಿರುಗಿದ ಬೆಳಕು

ಆರ್‌ಸಿಎ ವಿಧಾನದಲ್ಲಿ ವೋಲ್ಟೇಜ್ ಜಾಸ್ತಿ ಬೇಕಿತ್ತು, ಬಾಳಿಕೆ ಕಮ್ಮಿ. ಸರಿಯಾದ ದಾರಿ ತೋರಿಸಿದವರು ವುಲ್ಫ್‌ಗಾಂಗ್ ಹೆಲ್ಫ್ರಿಕ್. ಇವರೂ ಮೊದಲು ಆರ್‌ಸಿಎಯಲ್ಲೇ ಇದ್ದೋರು! ಅಲ್ಲಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಹಾಫ್‌ಮನ್-ಲಾ ರೋಶ್ ಕಂಪನಿಗೆ ಹೋಗಿ, ಮಾರ್ಟಿನ್ ಶಾಡ್ಟ್ ಜೊತೆ ಸೇರಿ 1970ರ ಡಿಸೆಂಬರ್ 4ರಂದು ಪೇಟೆಂಟ್ ಅರ್ಜಿ ಹಾಕಿದರು. ಅಮೆರಿಕದಲ್ಲಿ ಜೇಮ್ಸ್ ಫರ್ಗಸನ್ ಕೂಡ ಇದೇ ವಿಚಾರಕ್ಕೆ 1971ರಲ್ಲಿ ಅರ್ಜಿ ಹಾಕಿದರು. ರೋಶ್ ಒಂದು ಔಷಧಿ ಕಂಪನಿ ಅನ್ನೋದು ಇನ್ನೊಂದು ತಮಾಷೆ.

ಈಗ ಗಮನ ಇಟ್ಟು ಓದಿ, ಎಲ್‌ಸಿಡಿ ಕೆಲಸ ಮಾಡೋದೇ ಹೀಗೆ.

ಕಿಟಕಿ ಸರಳಿನ ಸಂದೀಲಿ ಸ್ಕೇಲನ್ನು ಸರಳಿನ ದಿಕ್ಕಿಗೇ ಹಿಡಿದರೆ ಆಚೆ ಹೋಗತ್ತೆ, ಅಡ್ಡ ಹಿಡಿದರೆ ತಡೆಯತ್ತೆ. ಪೋಲರೈಜರ್ ಅನ್ನೋ ಹಾಳೆ ಬೆಳಕಿಗೆ ಇಂಥ ಸರಳಿನ ಕಿಟಕಿ ಇದ್ದಂಗೆ. ಒಂದು ದಿಕ್ಕಿನಲ್ಲಿ ಕಂಪಿಸೋ ಬೆಳಕನ್ನು ಮಾತ್ರ ಬಿಡತ್ತೆ. ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡಡ್ಡ ಇಟ್ಟರೆ ಬೆಳಕು ಪೂರ್ತಿ ಬಂದ್.

ಈ ಎರಡು ಹಾಳೆಗಳ ನಡುವೆ ದ್ರವ ಸ್ಫಟಿಕ ಇಡ್ತಾರೆ. ಅದರ ಕಡ್ಡಿ ಅಣುಗಳು ಒಂದು ಗಾಜಿನಿಂದ ಇನ್ನೊಂದು ಗಾಜಿನವರೆಗೆ ಸುರುಳಿ ಮೆಟ್ಟಿಲಿನಂತೆ 90 ಡಿಗ್ರಿ ತಿರುಗಿ ನಿಂತಿರ್ತವೆ. ಬೆಳಕೂ ಅವುಗಳ ಜೊತೆ ತಿರುಗಿ ಎರಡನೇ ಹಾಳೆ ದಾಟತ್ತೆ. ವೋಲ್ಟೇಜ್ ಕೊಟ್ಟ ತಕ್ಷಣ ಅಣುಗಳು ಸೆಟೆದು ನಿಲ್ತವೆ, ಸುರುಳಿ ಬಿಚ್ಚಿಕೊಳ್ಳತ್ತೆ, ಬೆಳಕು ತಿರುಗಲ್ಲ, ಆ ಜಾಗ ಕಪ್ಪು. ವೋಲ್ಟೇಜ್ ಸ್ವಲ್ಪವೇ ಕೊಟ್ಟರೆ ಅರ್ಧಂಬರ್ಧ ಬೆಳಕು. ಇದಕ್ಕೆ ಟ್ವಿಸ್ಟೆಡ್ ನೆಮ್ಯಾಟಿಕ್, ಅಂದ್ರೆ ಟಿಎನ್ ಅಂತಾರೆ. ಕೆಲವೇ ವೋಲ್ಟ್ ಸಾಕು.

ಬೇಕಾದ್ರೆ ಪರೀಕ್ಷೆ ಮಾಡಿ: ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಿಡಿದು ಎಲ್‌ಸಿಡಿ ಕ್ಯಾಲ್ಕ್ಯುಲೇಟರ್ ನೋಡ್ತಾ ಕನ್ನಡಕವನ್ನು ನಿಧಾನಕ್ಕೆ ತಿರುಗಿಸಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗತ್ತೆ.

ಇನ್ನೊಬ್ಬರನ್ನ ಮರೀಬಾರದು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಜಾರ್ಜ್ ಗ್ರೇ. ಬೇಗ ಕೆಡದ, ಕೋಣೆಯ ಉಷ್ಣತೆಯಲ್ಲೇ ದ್ರವ ಸ್ಫಟಿಕವಾಗಿರೋ ಸೈನೋಬೈಫಿನೈಲ್ ಪದಾರ್ಥಗಳನ್ನು ಅವರ ತಂಡ 1970ರ ದಶಕದ ಮೊದಲಲ್ಲಿ ತಯಾರಿಸಿತು. ಅದು ಇಲ್ಲದೆ ಗಡಿಯಾರವೂ ಇಲ್ಲ, ಟಿವಿಯೂ ಇಲ್ಲ.

ಭಾಗ 6/9: ಪ್ರತಿ ಚುಕ್ಕಿಗೂ ಒಬ್ಬ ಕಾವಲುಗಾರ

ಕ್ಯಾಲ್ಕ್ಯುಲೇಟರ್‌ನಲ್ಲಿ ಎಂಟೋ ಹತ್ತೋ ಅಂಕಿ. ಟಿವಿಯಲ್ಲಿ? ಫುಲ್ ಎಚ್‌ಡಿ ಅಂದ್ರೆ 1920 × 1080, ಅಂದ್ರೆ 20,73,600 ಪಿಕ್ಸೆಲ್. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಕಿಂಡಿ. ಒಟ್ಟು 62,20,800 ಕಿಂಡಿಗಳು. ಪ್ರತಿಯೊಂದನ್ನೂ ಸೆಕೆಂಡಿಗೆ ಎಷ್ಟೋ ಸಲ ಬೇರೆ ಬೇರೆ ಮಟ್ಟಕ್ಕೆ ತೆಗೀಬೇಕು, ಮುಚ್ಚಬೇಕು.

ಅಡ್ಡ, ಉದ್ದ ತಂತಿ ಎಳೆದು ಕರೆಂಟ್ ಕೊಟ್ಟರೆ ಪಕ್ಕದ ಕಿಂಡಿಗೂ ಸೋರತ್ತೆ, ಚಿತ್ರ ಕಲಸಿಹೋಗತ್ತೆ. ಪರಿಹಾರ ಏನು? ಪ್ರತಿ ಕಿಂಡಿಗೂ ಗಾಜಿನ ಮೇಲೇ ಒಂದು ಪುಟ್ಟ ಟ್ರಾನ್ಸಿಸ್ಟರ್. ಅದು ತನ್ನ ಕಿಂಡಿಗೆ ಬೇಕಾದಷ್ಟೇ ವೋಲ್ಟೇಜ್ ಒಳಗೆ ಬಿಟ್ಟು ಬಾಗಿಲು ಹಾಕ್ಕೊಳ್ಳತ್ತೆ. ಇದೇ ಟಿಎಫ್‌ಟಿ, ಅಂದ್ರೆ ತೆಳುಪದರದ ಟ್ರಾನ್ಸಿಸ್ಟರ್.

ಇದನ್ನು ಮಾಡಿ ತೋರಿಸಿದವರು ಹಂಗೇರಿಯಲ್ಲಿ ಹುಟ್ಟಿದ ಪೀಟರ್ ಬ್ರೋಡಿ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಅವರ ತಂಡ 1970ರ ದಶಕದ ಮೊದಲಲ್ಲೇ ಆರಿಂಚು ಉದ್ದ, ಆರಿಂಚು ಅಗಲದ ಪರದೆ ಮಾಡಿತು. ವೆಸ್ಟಿಂಗ್‌ಹೌಸ್ ಏನು ಮಾಡಿತು ಗೊತ್ತಾ? ಆ ದಶಕ ಮುಗಿಯೋ ಹೊತ್ತಿಗೆ ಯೋಜನೆಗೆ ಬೀಗ ಹಾಕಿತು. ಆರ್‌ಸಿಎ ಕಥೇನೇ ಮತ್ತೊಂದ್ಸಲ.

1979ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಲಿಕೋಂಬರ್, ಸ್ಪಿಯರ್ ಮತ್ತು ಅವರ ಜೊತೆಗಾರರು ಅಮಾರ್ಫಸ್ ಸಿಲಿಕಾನ್‌ನಿಂದ ಇಂಥ ಟ್ರಾನ್ಸಿಸ್ಟರ್ ಮಾಡಬಹುದು ಅಂತ ತೋರಿಸಿದರು. ಇದನ್ನು ದೊಡ್ಡ ಗಾಜಿನ ಮೇಲೆ ಸಮನಾಗಿ ಹರಡಬಹುದಿತ್ತು. ಮುಂದೆ ಓಟ ಜಪಾನಿನದು. ಸೈಕೋ ಬಳಗ 1982ರಲ್ಲಿ ಟಿವಿ ಇರೋ ಕೈಗಡಿಯಾರ ತಂದಿತು, ಆಮೇಲೆ ಎಪ್ಸನ್‌ನಿಂದ ಎರಡಿಂಚಿನ ಪಾಕೆಟ್ ಕಲರ್ ಟಿವಿ ಬಂತು. 1988ರಲ್ಲಿ ಶಾರ್ಪ್ 14 ಇಂಚಿನ ಕಲರ್ ಟಿಎಫ್‌ಟಿ ಪರದೆ ತೋರಿಸಿದಾಗ ಪಿಕ್ಚರ್ ಟ್ಯೂಬಿನ ದಿನ ಮುಗಿಯೋದು ಖಚಿತ ಆಯ್ತು.

ರೈನಿಟ್ಜರ್ ಪತ್ರದಿಂದ ಲೆಕ್ಕ ಹಾಕಿದರೆ ಸರಿಯಾಗಿ ನೂರು ವರ್ಷ.

ಭಾಗ 7/9: ಮೈಸೂರು, ಬೆಂಗಳೂರು, ತಟ್ಟೆ ಆಕಾರದ ಅಣು

ಈ ಭಾಗ ಬರೀವಾಗ ನಿಜವಾಗ್ಲೂ ಮೈ ಜುಮ್ ಅಂತು. ನಾನು ಬಸ್ಸಲ್ಲಿ ಮಾನಸಗಂಗೋತ್ರಿ ಮುಂದೆ ಎಷ್ಟು ಸಲ ಹೋಗಿದ್ದೀನಿ ಲೆಕ್ಕವಿಲ್ಲ. ಅಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ 1961ರಲ್ಲಿ ಮುಖ್ಯಸ್ಥರಾಗಿ ಬಂದವರು ಎಸ್. ಚಂದ್ರಶೇಖರ್. ಸಿ.ವಿ. ರಾಮನ್ ಅವರ ಸೋದರಳಿಯ. (ನಕ್ಷತ್ರಗಳ ಬಗ್ಗೆ ಕೆಲಸ ಮಾಡಿ ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಕನ್‌ಫ್ಯೂಸ್ ಆಗ್ಬೇಡಿ.) ಇವರು ಇಲ್ಲಿ ದ್ರವ ಸ್ಫಟಿಕದ ಸಂಶೋಧನೆ ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ಅಲ್ಲಿ ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟಿದರು.

ಅಲ್ಲಿಯವರೆಗೆ ಎಲ್ಲರ ನಂಬಿಕೆ: ದ್ರವ ಸ್ಫಟಿಕ ಆಗ್ಬೇಕಾದ್ರೆ ಅಣು ಕಡ್ಡಿ ಥರ ಉದ್ದ ಇರಲೇಬೇಕು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ, ತಟ್ಟೆ ಆಕಾರದ ಅಣುಗಳೂ ದ್ರವ ಸ್ಫಟಿಕ ಆಗ್ತವೆ ಅಂತ ತೋರಿಸಿದರು. ಹೋಟೆಲಲ್ಲಿ ತಟ್ಟೆ ಜೋಡಿಸಿದಂಗೆ ಅವು ಒಂದರ ಮೇಲೊಂದು ಕೂತು ಕಂಬ ಕಟ್ಟುತ್ತವೆ. ಈ ಪ್ರಬಂಧ ಬಂದಿದ್ದು ಯಾವುದೋ ವಿದೇಶಿ ಪತ್ರಿಕೆಯಲ್ಲಲ್ಲ, ಬೆಂಗಳೂರಿನಿಂದ ಪ್ರಕಟವಾಗೋ 'ಪ್ರಮಾಣ'ದಲ್ಲಿ.

ಟಿವಿಗೂ ಇದಕ್ಕೂ ಏನು ಸಂಬಂಧ? ಹಳೇ ಟಿಎನ್ ಪರದೆಯನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಡ್ತಿತ್ತು, ಕಪ್ಪು ಬೂದಿಯಾಗ್ತಿತ್ತು. ಓರೆ ನೋಟದಲ್ಲಿ ಕಡ್ಡಿ ಅಣುಗಳು ಮಾಡೋ ಈ ತಪ್ಪನ್ನು ತಟ್ಟೆ ಅಣುಗಳ ಪದರ ಸರಿದೂಗಿಸತ್ತೆ. ಜಪಾನಿನ ಫ್ಯೂಜಿ ಕಂಪನಿ 1990ರ ದಶಕದಲ್ಲಿ ಇದೇ ಥರದ ಅಣುಗಳಿಂದ 'ವೈಡ್ ವ್ಯೂ' ಫಿಲ್ಮ್ ಮಾಡಿ ಮಾರಿತು. ಅದು ಪ್ರಪಂಚದ ಎಷ್ಟೋ ಮಾನಿಟರ್‌ಗಳ ಮೇಲೆ ಅಂಟಿಕೊಂಡಿತು.

ಚಂದ್ರಶೇಖರ್ 1991ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಶುರು ಮಾಡಿದರು. 1998ರಲ್ಲಿ ಪದ್ಮಭೂಷಣ ಬಂತು. 2004ರಲ್ಲಿ ತೀರಿಕೊಂಡರು. ಅರಿವು ಇಲ್ಲಿ ಹುಟ್ಟಿತು, ಸರಕು ಅಲ್ಲಿ ತಯಾರಾಯಿತು. ಆರ್‌ಸಿಎಯನ್ನು ನೋಡಿ ನಕ್ಕ ನಾವು ಇಲ್ಲಿ ಸ್ವಲ್ಪ ಸುಮ್ನಾಗ್ಬೇಕು.

ಭಾಗ 8/9: ಅಂಗಡೀಲಿ ಇರೋ ವಿಧಗಳು (ಇದನ್ನ ಸೇವ್ ಮಾಡ್ಕೊಳ್ಳಿ)

ಎರಡು ಪ್ರಶ್ನೆ ಕೇಳಿದರೆ ಗೊಂದಲ ಹೋಗತ್ತೆ. ಒಂದು: ಒಳಗಿನ ಪ್ಯಾನಲ್ ಯಾವುದು? ಎರಡು: ಹಿಂದಿನ ದೀಪ ಯಾವುದು?

ಪ್ಯಾನಲ್ ಮೂರು ಥರ.
• ಟಿಎನ್: ಅಗ್ಗ, ವೇಗ ಜಾಸ್ತಿ. ಪಕ್ಕದಿಂದ ನೋಡಿದರೆ ಬಣ್ಣ ಕೆಡತ್ತೆ.
• ಐಪಿಎಸ್: ಜಪಾನಿನ ಹಿಟಾಚಿ 1990ರ ದಶಕದ ಮಧ್ಯದಲ್ಲಿ ಬೆಳೆಸಿದ್ದು. ಅಣುಗಳು ಸೆಟೆದು ನಿಲ್ಲೋ ಬದಲು ಗಾಜಿಗೆ ಸಮಾನಾಂತರವಾಗೇ ಮಲಗಿ ತಿರುಗ್ತವೆ. ಮನೆ ತುಂಬ ಜನ ಅಲ್ಲಲ್ಲಿ ಕೂತು ನೋಡೋದಾದ್ರೆ ಒಳ್ಳೇದು. ಕಪ್ಪು ಮಾತ್ರ ಅಷ್ಟು ಗಾಢ ಅಲ್ಲ.
• ವಿಎ: ಫ್ಯುಜಿತ್ಸು ಅದೇ ದಶಕದಲ್ಲಿ ಇದರ ಸುಧಾರಿತ ರೂಪ ತಂದಿತು. ಕರೆಂಟ್ ಇಲ್ಲದಾಗ ಅಣುಗಳು ನೆಟ್ಟಗೆ ನಿಂತು ಬೆಳಕು ತಡೀತವೆ. ಕಪ್ಪು ಚೆನ್ನಾಗಿರತ್ತೆ. ಕತ್ತಲೆ ರೂಮಲ್ಲಿ ಎದುರಿಗೇ ಕೂತು ಸಿನಿಮಾ ನೋಡೋರಿಗೆ ಸರಿ.

ದೀಪದ ಕಥೆ.
• ಮೊದಲಿದ್ದುದು ಸಿಸಿಎಫ್‌ಎಲ್: ಪಾದರಸ ಇರೋ ತೆಳ್ಳನೆ ಟ್ಯೂಬ್‌ಲೈಟ್. ಜನ 'ಎಲ್‌ಸಿಡಿ ಟಿವಿ' ಅಂತ ಕರೆದಿದ್ದು ಇದನ್ನ.
• ಅದರ ಜಾಗಕ್ಕೆ ಎಲ್‌ಇಡಿ ದೀಪ ಬಂತು. ಅಂಚಲ್ಲಿಟ್ಟರೆ ಎಡ್ಜ್ ಲಿಟ್, ಹಿಂದೆಲ್ಲಾ ಹರಡಿದರೆ ಡೈರೆಕ್ಟ್ ಲಿಟ್. ಜನ 'ಎಲ್‌ಇಡಿ ಟಿವಿ' ಅನ್ನೋದು ಇದನ್ನೇ. ನೀಲಿ ಎಲ್‌ಇಡಿ ಇಲ್ಲದೆ ಇದು ಆಗ್ತಿರಲಿಲ್ಲ; ಅದನ್ನು ಕಂಡುಹಿಡಿದ ಅಕಸಾಕಿ, ಅಮಾನೋ, ನಕಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಬಂತು.
• ಮಿನಿ ಎಲ್‌ಇಡಿ: ತೀರಾ ಸಣ್ಣ, ಸಾವಿರಾರು ದೀಪ. ಚಿತ್ರದಲ್ಲಿ ಕತ್ತಲೆ ಇರೋ ಕಡೆ ಮಾತ್ರ ದೀಪ ಆರಿಸಬಹುದು.
• ಕ್ಯೂಎಲ್‌ಇಡಿ: ನೀಲಿ ದೀಪದ ಮುಂದೆ ಕ್ವಾಂಟಮ್ ಡಾಟ್ ಅನ್ನೋ ನ್ಯಾನೋ ಕಣಗಳ ಪದರ. ಬಣ್ಣ ಶುದ್ಧವಾಗತ್ತೆ. ಈ ಕಣಗಳ ಸಂಶೋಧನೆಗೆ 2023ರ ರಸಾಯನವಿಜ್ಞಾನ ನೊಬೆಲ್ ಸಿಕ್ಕಿತು. ಆದರೂ ಬೆಳಕನ್ನು ತಡೆಯೋ, ಬಿಡೋ ಕೆಲಸ ಅದೇ ದ್ರವ ಸ್ಫಟಿಕದ್ದು.

ನಿಜವಾಗಿ ಬೇರೆ ಜಾತಿ ಯಾವುದು? ಓಎಲ್‌ಇಡಿ. ಅಲ್ಲಿ ದ್ರವ ಸ್ಫಟಿಕ ಇಲ್ಲ, ಹಿಂದೆ ದೀಪವೂ ಇಲ್ಲ, ಪ್ರತಿ ಚುಕ್ಕಿ ತಾನೇ ಬೆಳಗತ್ತೆ. ಕ್ಯೂ ಮತ್ತು ಓ ನೋಡೋಕೆ ಒಂದೇ ಥರ ಇದೆ, ಬೋರ್ಡ್ ಓದುವಾಗ ಹುಷಾರು.

ಭಾಗ 9/9: ಗೆದ್ದವರೂ ಸೋತ ಮೇಲೆ

1998ರಲ್ಲಿ ಶಾರ್ಪ್ ಅಧ್ಯಕ್ಷ ಮಚಿದಾ ಒಂದು ಮಾತು ಹೇಳಿದ್ರು: 2005ರ ಹೊತ್ತಿಗೆ ಜಪಾನಿನಲ್ಲಿ ನಾವು ಮಾರೋ ಟಿವಿ ಎಲ್ಲವೂ ಎಲ್‌ಸಿಡಿ ಆಗಿರತ್ತೆ ಅಂತ. ಆಗಿನ್ನೂ ಎಲ್ಲಿ ನೋಡಿದ್ರೂ ಡಬ್ಬಾ ಟಿವಿ. 2004ರಲ್ಲಿ ಕಮೆಯಾಮಾದಲ್ಲಿ ದೊಡ್ಡ ಕಾರ್ಖಾನೆ ಶುರುವಾಯಿತು. 2007ರ ಕೊನೆಯ ಹೊತ್ತಿಗೆ ಪ್ರಪಂಚದಲ್ಲಿ ಎಲ್‌ಸಿಡಿ ಮಾರಾಟ ಪಿಕ್ಚರ್ ಟ್ಯೂಬನ್ನು ಹಿಂದೆ ಹಾಕಿತು. 2009ರಲ್ಲಿ ಸಕಾಯ್ ನಗರದಲ್ಲಿ ಇನ್ನೂ ದೊಡ್ಡ ಕಾರ್ಖಾನೆ.

ಕಥೆ ಇಲ್ಲೇ ಮುಗಿದಿದ್ರೆ 'ಧೈರ್ಯ ಮಾಡಿದೋರು ಗೆದ್ದರು' ಅಂತ ಬರೆದು ಮುಗಿಸಬಹುದಿತ್ತು. ಆದರೆ ಕೊರಿಯಾ, ತೈವಾನ್, ಆಮೇಲೆ ಚೀನಾ ಇನ್ನೂ ಅಗ್ಗಕ್ಕೆ ಪ್ಯಾನಲ್ ಮಾಡೋಕೆ ಶುರು ಮಾಡಿದವು. ಬೆಲೆ ಕುಸೀತು. ದೊಡ್ಡ ಕಾರ್ಖಾನೆಯ ಖರ್ಚು ಶಾರ್ಪ್ ಕುತ್ತಿಗೆಗೆ ಬಂತು. 2016ರಲ್ಲಿ ಕಂಪನಿ ತೈವಾನಿನ ಫಾಕ್ಸ್‌ಕಾನ್ ಕೈ ಸೇರಿತು. 2024ರಲ್ಲಿ ಸಕಾಯ್‌ನಲ್ಲಿ ಟಿವಿ ಪ್ಯಾನಲ್ ತಯಾರಿಯೇ ನಿಂತಿತು. ಆರ್‌ಸಿಎ ಹಳೇ ಬಂಡವಾಳ ಬಿಡಲಾರದೆ ಸೋತಿತು, ಶಾರ್ಪ್ ಹೊಸ ಬಂಡವಾಳ ಅತಿಯಾಗಿ ಹಾಕಿ ಸೋತಿತು. ಎರಡನ್ನೂ ನಮ್ಮ ಕಾಸ್ಟಿಂಗ್ ಪಾಠದ ಪಕ್ಕದಲ್ಲಿಟ್ಟು ಓದಿ ನೋಡಿ.

ಕೊನೆಗೆ ನಮ್ಮನೆ ವಿಷಯ. ಹೋದ ಭಾನುವಾರ ಅಪ್ಪನಿಗೆ ನಿಜ ಹೇಳಿದೆ: "ಅವತ್ತು ನನಗೆ ಗೊತ್ತಿರಲಿಲ್ಲ ಅಪ್ಪ, ಸುಮ್ನೆ ಹೂಂ ಅಂದೆ. ನಮ್ಮದೂ ಎಲ್‌ಸಿಡಿನೇ, ದೀಪ ಮಾತ್ರ ಎಲ್‌ಇಡಿ." ಕಿಟಕಿ ಸರಳು, ಸ್ಕೇಲು ಇಟ್ಕೊಂಡು ವಿವರಿಸಿದೆ. ಅಪ್ಪ ಪೂರ್ತಿ ಕೇಳಿ, "ಸರಿ, ಟಿವಿ ಚೆನ್ನಾಗೇ ಬರ್ತಿದೆ ಬಿಡು. ಮುಂದಿನ ಸಲ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು, ಇನ್ನೊಂದು ಅಂಗಡಿ ವಿಚಾರಿಸೋಣ" ಅಂದ್ರು.

ಅಷ್ಟೇ. ಒಂಬತ್ತು ಭಾಗದ ಸಾರ ಅಪ್ಪ ಒಂದೇ ಸಾಲಲ್ಲಿ ಹೇಳಿಬಿಟ್ರು.

ನಿಮ್ಮನೆ ಟಿವಿ ಯಾವ ಪ್ಯಾನಲ್ಲು, ಯಾವ ದೀಪ? ಕಾಮೆಂಟಲ್ಲಿ ಹೇಳಿ. ಮನೇಲಿ ಹೊಸ ಟಿವಿ ತಗೊಳ್ಳೋ ಮಾತು ನಡೀತಿದ್ರೆ ಎಂಟನೇ ಭಾಗ ಕಳಿಸಿ.

#ಕನ್ನಡದಲ್ಲಿವಿಜ್ಞಾನ #ಟಿವಿಕಥೆ #ದ್ರವಸ್ಫಟಿಕ #ಬಿಕಾಂಹುಡುಗರು #ಮೈಸೂರು